ಉಪ್ಪಿನಕಾಯಿ ಭರಣಿಯ ಜೊತೆಗೆ ನಾಲ್ಕು ಸಾಲು

ಮನೆಯಲ್ಲೇ ಕೂತು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಮಾಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟವಿರುವುದೆಲ್ಲ ಮಾರುವುದರಲ್ಲಿ. ನಾನು ಶಿರಸಿ ಕಡೆಯವಳು. ಆರು ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆ. ಅವರು ಹೇಳಿದ್ದೇ ರೇಟು. ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರಿದರು, ತಿಂದವರು ಹೊಗಳಿದ್ದೂ ಅಂಗಡಿಯನ್ನೇ. ಮಿಡಿ, ಮೆಣಸು, ಸಾಸಿವೆ ಖರ್ಚು ಕಳೆದರೆ ನನ್ನ ಕೈಗೆ ಉಳಿದದ್ದು ಮಗಳ ಬಸ್ ಪಾಸಿಗೂ ಸಾಲದು.

"ಅಮ್ಮಾ, ನೀನೇ ನೇರವಾಗಿ ಮಾರು. ಅದಕ್ಕೊಂದು ಬ್ಲಾಗ್ ಬರಿ" ಎಂದು ದಾರಿ ತೋರಿಸಿದವಳು ಮಗಳೇ. ಗೊತ್ತಿಲ್ಲದ ಸೋದರಿಯರಿಗಾಗಿ ಹೇಳುತ್ತೇನೆ: ಬ್ಲಾಗ್ ಅಂದರೆ ಅಂತರಜಾಲದಲ್ಲಿ ನಮ್ಮದೇ ಒಂದು ನೋಟ್‌ಬುಕ್ ಇದ್ದ ಹಾಗೆ. ನಾವು ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಗೂಗಲ್‌ನವರ ಬ್ಲಾಗರ್‌ನಲ್ಲಿ ತೆರೆಯಲು ಪೈಸೆಯೂ ಬೇಡ. ಎಸ್ಸೆಸ್ಸೆಲ್ಸಿ ಓದಿದ ನಾನು ಫೋನಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ವಾಟ್ಸಾಪ್ ಸ್ಟೇಟಸ್ ಹಾಕಿದರೆ ಸಾಲದೇನೆ?" ಎಂದು ನಮ್ಮ ಓರಗಿತ್ತಿ ಕೇಳಿದರು. ಸ್ಟೇಟಸ್ ಅನ್ನೋದು ಅಂಗಳದ ರಂಗೋಲಿ ಇದ್ದ ಹಾಗೆ, 24 ಗಂಟೆ ಆದರೆ ಅಳಿಸಿ ಹೋಯಿತು. ಅದೂ ಪರಿಚಯದವರಿಗೆ ಮಾತ್ರ. ಬ್ಲಾಗ್‌ನಲ್ಲಿ ಬರೆದದ್ದು ಉಳಿಯುತ್ತದೆ. ಬೆಂಗಳೂರಲ್ಲಿ ಕೂತವರೊಬ್ಬರು ಅಪ್ಪೆಮಿಡಿ ಎಂದು ಹುಡುಕಿದರೆ, ಎರಡು ವರ್ಷದ ಹಿಂದೆ ನಾನು ಬರೆದದ್ದು ಅವರ ಕಣ್ಣಿಗೆ ಬೀಳಬಹುದು. (ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರೆ. ಅದಕ್ಕೇ ಹೆಸರನ್ನು ಎರಡೂ ಲಿಪಿಯಲ್ಲಿ ಬರೆದಿಡಿ.)

'ಶುಚಿ, ರುಚಿ, ಇಂದೇ ಕೊಳ್ಳಿರಿ' ಎಂದು ನಾನು ಬರೆಯುವುದಿಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ದೂರದವರು ಮೂಸಿ ನೋಡಲಾರರು, ಚೂರು ಬಾಯಿಗೆ ಹಾಕಿಕೊಳ್ಳಲಾರರು. ಅವರಿಗೆ ನಂಬಿಕೆ ಬರಬೇಕಾದರೆ ಕೆಲಸವನ್ನೇ ಹೇಳಬೇಕು. ಅಘನಾಶಿನಿ ದಂಡೆಯ ಮರ ಹತ್ತಿ, ಮಿಡಿಯನ್ನು ತೊಟ್ಟು ಸಮೇತ ಕೈಯಲ್ಲಿ ಕೊಯ್ದು, ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಸುವುದನ್ನು ಬರೆದೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಕೊಳೆಯುತ್ತದೆ. ಸೊನೆಯಲ್ಲೇ ಪರಿಮಳ ಇರುವುದರಿಂದ ಅದನ್ನು ಕಳೆದುಕೊಳ್ಳಬಾರದು. ಕಲ್ಲುಪ್ಪಿನಲ್ಲಿಟ್ಟು, ದಿನಾ ತಿರುವಿ ಹಾಕಿ, ಮಿಡಿ ಚೆನ್ನಾಗಿ ಚಿರುಟಿದ ಮೇಲೆಯೇ ಮಸಾಲೆ. ಅನಂತಭಟ್ಟನ ಅಪ್ಪೆಗೂ ಜೀರಿಗೆ ಮಿಡಿಗೂ ಏನು ವ್ಯತ್ಯಾಸ ಎಂಬುದಕ್ಕೇ ಒಂದು ಬರಹ ಆಯಿತು.

ಇವರಿಗೆ ಇದು ಸರಿಬರಲಿಲ್ಲ. "ಗುಟ್ಟೆಲ್ಲ ಹೊರಗೆ ಹಾಕಿದರೆ ಅವರೇ ಮಾಡಿಕೊಳ್ತಾರೆ. ನಿನ್ನ ಹತ್ತಿರ ಯಾಕೆ ಬರ್ತಾರೆ?" ಎಂದರು. ಮೂರನೇ ಮಹಡಿಯ ಮನೆಯಲ್ಲಿರುವವರಿಗೆ ತೊಟ್ಟಿರುವ ಮಿಡಿ ಎಲ್ಲಿ ಸಿಗಬೇಕು, ಹೇಳಿ! ಓದಿದ ಮೇಲೆ ಅವರಿಗೆ ತಿಳಿಯುವುದು ಇದರ ಹಿಂದೆ ಎಷ್ಟು ದುಡಿತ ಇದೆ ಎಂದು. ಆಮೇಲೆ ರೇಟಿಗೆ ಚೌಕಾಶಿ ಮಾಡುವವರೂ ಕಡಿಮೆ. ಮೈಸೂರಿನಿಂದ ಒಬ್ಬ ಹಿರಿಯರು ಫೋನ್ ಮಾಡಿ, "ಏನಮ್ಮಾ, ಬರೆದ ಹಾಗೇ ಮಾಡ್ತೀಯಾ ನಿಜವಾಗಿ?" ಎಂದು ಅರ್ಧ ಗಂಟೆ ಪರೀಕ್ಷೆ ಮಾಡಿ, ಕೊನೆಗೆ ಒಂದು ಕಿಲೋ ತರಿಸಿದರು. ಈಗ ಅವರ ತಂಗಿಯರಿಗೂ ಇಲ್ಲಿಂದಲೇ ಹೋಗುತ್ತದೆ.

ಎಣ್ಣೆ ಹಾಕಿದ್ದೀರಾ, ಫ್ರಿಜ್‌ನಲ್ಲಿ ಇಡಬೇಕಾ, ಎಷ್ಟು ದಿನ ಇರುತ್ತೆ ಅಂತ ಎಲ್ಲರೂ ಕೇಳುವುದು ಒಂದೇ. ಒಗ್ಗರಣೆ ಸೀಯುವಾಗಲೇ ಫೋನ್ ಬರುವುದು ಬೇರೆ! ಉತ್ತರವನ್ನೆಲ್ಲ ಒಂದು ಸಲ ಬರೆದಿಟ್ಟು, ಈಗ ಅದರ ಲಿಂಕ್ ಕಳಿಸಿಬಿಡುತ್ತೇನೆ.

ಬರೆದ ಮರುದಿನವೇ ಆರ್ಡರ್ ಸುರಿಯುತ್ತದೆ ಅಂದುಕೊಳ್ಳಬೇಡಿ. ಮೊದಲ ಐದು ತಿಂಗಳು ಓದಿದ್ದು ನನ್ನ ಮಗಳು, ನನ್ನ ತಮ್ಮ, ಇಬ್ಬರೇ. ನಿಜವಾದ ಪ್ರಯೋಜನ ತಿಳಿದದ್ದು ಮಿಡಿ ಕೈಕೊಟ್ಟ ವರ್ಷ. ಅಪ್ಪೆಮರ ಪ್ರತಿ ವರ್ಷವೂ ಒಂದೇ ಸಮ ಬಿಡುವುದಿಲ್ಲ. ಅಂಗಡಿಯಾಗಿದ್ದರೆ ಬೇರೆಯವರ ಹತ್ತಿರ ಕೊಂಡು ಸುಮ್ಮನಾಗುತ್ತಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ: ಈ ಸಲ ಮಿಡಿ ಕಡಿಮೆ, ಬೇರೆ ಮಾವಿನಕಾಯಿ ಬೆರೆಸುವುದಿಲ್ಲ, ಮೊದಲಿಂದ ತರಿಸುವವರಿಗೆ ಅರ್ಧರ್ಧ ಕಿಲೋ ಮಾತ್ರ. ಕಾಲೇಜು ಫೀಸು ಕಟ್ಟುವ ತಿಂಗಳದು, ನಿದ್ದೆ ಬರಲಿಲ್ಲ. ಆದರೆ ಹನ್ನೊಂದು ಮನೆಯವರು ಮುಂದಿನ ವರ್ಷದ ಉಪ್ಪಿನಕಾಯಿಗೆ ಆಗಲೇ ಹಣ ಕಳಿಸಿದರು. ನಾಲ್ಕೈದು ಜನ, "ಹಾಗಾದರೆ ಹಲಸಿನ ಹಪ್ಪಳ ಕೊಡಿ ಅಕ್ಕಾ" ಎಂದರು. ಫೀಸು ಕಟ್ಟಿದ್ದು ಆ ಹಣದಲ್ಲೇ.

ಶುರು ಮಾಡುವವರು ಆಹಾರ ಸುರಕ್ಷತೆಯ ನೋಂದಣಿ ಮೊದಲು ಮಾಡಿಸಿಕೊಳ್ಳಿ. ಅದರ 14 ಅಂಕಿಯ ನಂಬರು ಪೊಟ್ಟಣದ ಮೇಲೆ ಇರಬೇಕು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಂಡಿ ನೋವು ಹೋಗುತ್ತದೆ ಎಂದೆಲ್ಲ ಬರೆಯಲೇಬೇಡಿ. ಮಕ್ಕಳ ಫೋಟೋ ಹಾಕುವುದೂ ಬೇಡ. ಭರಣಿಯದು ಹಾಕಿ, ಸಾಕು.

ನಾನು ಬರೆಯುವುದು ವಾರಕ್ಕೊಂದು, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ. ಈ ವಾರ ಹಲಸಿನ ಹಪ್ಪಳದ್ದು. ಬೇಯಿಸಿದ ತೊಳೆಯನ್ನು ಬಿಸಿ ಇರುವಾಗಲೇ ಯಾಕೆ ಕುಟ್ಟಬೇಕು ಅಂತ ಕಲಬುರಗಿಯಿಂದ ಒಬ್ಬರು ಕೇಳಿದ್ದಾರೆ.