ಐತವಾರ ಎಲ್ಲಿ ಹೋಯಿತು?

ಸಂಗನಕಲ್ಲಿನ ನಮ್ಮ ಮನೆಯಲ್ಲಿ ದೂರವನ್ನು ಮೈಲಿಗಳಲ್ಲಿ ಅಳೆದವರಿಲ್ಲ. ಕೋಳಿ ಕೂಗುವಾಗ ಬಂಡಿ ಹೂಡಿದರೆ ಬುತ್ತಿಯ ಹೊತ್ತಿಗೆ ಕುರುಗೋಡು. ಅವ್ವನವರಿಗೆ ತವರಿನ ದೂರ ಅಷ್ಟೆ. ಮೊಮ್ಮಗಳು ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ಸೇರಿದಾಗಲೂ ಅವರು ಕೇಳಿದ್ದು ಒಂದೇ: “ಹೊಂಟರೆ ಎಷ್ಟೊತ್ತಿಗೆ ಮುಟ್ಟುತಾಳ?”

ಅಲ್ಲಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವು 2021ರ ಜನವರಿ 9ರ ಶನಿವಾರ ರಾತ್ರಿ ಹೊರಟು 11ರ ಸೋಮವಾರ ನಸುಕಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರು. ಪತ್ರಿಕೆ ಓದಿ ಹೇಳಿದೆವು. “ನಡುವಿನ ಐತವಾರ ಎಲ್ಲಿ ಹೋಯಿತು?” ಎಂದರು ಅವ್ವ. ಸುಮಾರು 14,000 ಕಿಲೋಮೀಟರು ಹಾರಲು 17 ತಾಸು, ಗಡಿಯಾರದ ವ್ಯತ್ಯಾಸ ಹದಿಮೂರೂವರೆ ತಾಸು ಎಂದು ವಿವರಿಸಿ ಸೋತೆವು.

ದಾರಿ ಉತ್ತರ ಧ್ರುವದ ಮೇಲೆಂಬುದನ್ನು ನಾವೂ ನಂಬಿರಲಿಲ್ಲ. ಮಕ್ಕಳ ಭೂಗೋಳದ ಮೇಲೆ ದಾರ ಹಿಡಿದು ನೋಡಿದೆವು. ಬೆಂಗಳೂರು 78 ಡಿಗ್ರಿ ಪೂರ್ವಕ್ಕೆ, ಆ ಊರು 122 ಡಿಗ್ರಿ ಪಶ್ಚಿಮಕ್ಕೆ; ಹೆಚ್ಚುಕಡಿಮೆ ಎದುರುಬದುರು. ಬಿಗಿದೆಳೆದ ದಾರ ತಾನಾಗಿ ಭೂಮಿಯ ನೆತ್ತಿಯತ್ತ ಸರಿಯಿತು.

2023ರಲ್ಲಿ ಅವ್ವನವರು ಹಾಸಿಗೆ ಹಿಡಿದರು. ಮಗಳು ಆ ನೇರ ವಿಮಾನದಲ್ಲೇ ಹೊರಟಳು. ಹತ್ತುವ ಮುನ್ನ ಕೇಳಿದಾಗ, “ಚೆನ್ನಾಗಿದ್ದಾರೆ” ಎಂದು ಸುಳ್ಳು ಹೇಳಿದೆವು. ಬಳಿಕ ಆಕೆಗೆ ಮಾತು ಮುಟ್ಟಿಸುವಂತಿರಲಿಲ್ಲ. ಅವ್ವನವರ ಉಸಿರೆಣಿಸುತ್ತ ಕುಳಿತೆವು. ದೇವನಹಳ್ಳಿಯಲ್ಲಿ ಇಳಿದ ಮೇಲೂ ಸುಮಾರು 300 ಕಿಲೋಮೀಟರು ರಸ್ತೆ. ಯಾವ ಟಿಕೆಟಿನಲ್ಲೂ ನಮೂದಾಗದ ಆ ಆರು ತಾಸುಗಳೇ ನಮಗೆ ಎಲ್ಲಕ್ಕಿಂತ ದೀರ್ಘವೆನಿಸಿದವು.

ಬುತ್ತಿಯ ಹೊತ್ತಿಗೆ ಬಂದಳು. ಅವ್ವ ಕಣ್ತೆರೆದು, ಅವಳ ಕೈ ತಡವಿ, “ಉಂಡಿಯೇನವ್ವಾ?” ಎಂದರು.

ಮೂರನೆಯ ದಿನ ಲಿಂಗೈಕ್ಯರಾದರು.