ಅಕ್ಕನ ಬುತ್ತಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನ್ನಂತಹ ನಿವೃತ್ತ ಶಿಕ್ಷಕನಲ್ಲಿ ಹೇಳುವಂತಹದೇನಿದೆಯೆಂದು ಹಿಂಜರಿದೆನು. ಸಾಧನೆಯ ಕಥೆಗಳನ್ನು ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ನನ್ನದೊಂದು ತಪ್ಪನ್ನು ಕುರಿತು. ಅದು ನಡೆದದ್ದು ವಿಮಾನನಿಲ್ದಾಣದಲ್ಲಿ. ಅದರ ಬೇರು ಮಾತ್ರ ಇರುವುದು ನಮ್ಮ ಶಾಲೆಯ ಪ್ರಸಾದನಿಲಯದಲ್ಲಿ.

ನಾನೀಗ ವಾಸವಾಗಿರುವುದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ನಾಗರಭಾವಿಯ ಮಗ್ಗುಲಿನ ಅನ್ನಪೂರ್ಣೇಶ್ವರಿ ನಗರದಲ್ಲಿ. 2008ರ ಮೇ ತಿಂಗಳವರೆಗೆ ವಿಮಾನವೇರುವವರು ಪೂರ್ವ ದಿಕ್ಕಿನ ಎಚ್.ಎ.ಎಲ್. ನಿಲ್ದಾಣಕ್ಕೆ ಹೋಗಬೇಕಾಗಿತ್ತು. ಆ ಬಳಿಕ ದೇವನಹಳ್ಳಿಯ ಸಮೀಪದಲ್ಲಿ ಹೊಸ ನಿಲ್ದಾಣವು ಪ್ರಾರಂಭವಾಗಿ, 2013ರಲ್ಲಿ ಅದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು ಬಂದಿತು. ನಮ್ಮ ಮನೆಯಿಂದ ಹೊರವರ್ತುಲ ರಸ್ತೆಯನ್ನು ಹಿಡಿದು ಸುಮನಹಳ್ಳಿ, ಗೊರಗುಂಟೆಪಾಳ್ಯ, ಹೆಬ್ಬಾಳಗಳನ್ನು ದಾಟಿ ಅಲ್ಲಿಗೆ ತಲುಪಲು ಬಹು ದೂರದ ಪ್ರಯಾಣ. ಆದುದರಿಂದ ಒಂದು ಗಂಟೆಯ ಹಾರಾಟಕ್ಕೆ ಅರ್ಧ ರಾತ್ರಿಯ ನಿದ್ದೆಯನ್ನು ತೆರಬೇಕಾಗುತ್ತದೆ.

2024ರ ಜನವರಿಯಲ್ಲಿ ಧಾರವಾಡದಲ್ಲಿ ನನ್ನ ಅಕ್ಕನ ಮರಿಮಗಳ ತೊಟ್ಟಿಲ ಕಾರ್ಯಕ್ರಮವಿತ್ತು. ಅಕ್ಕ ಎಂಬತ್ತನ್ನು ದಾಟಿದವಳು. ಮೊಣಕಾಲು ನೋವು, ಜೊತೆಗೆ ಹಲವು ವರ್ಷಗಳ ಸಕ್ಕರೆ ಕಾಯಿಲೆ. ರಾತ್ರಿಯ ರೈಲು ಆಕೆಗೆ ಆಗದೆಂದು ಹುಬ್ಬಳ್ಳಿಯ ವಿಮಾನಕ್ಕೆ ಚೀಟಿ ಕೊಂಡೆನು. ಆಕೆ ವಿಮಾನವೇರುವುದು ಅದೇ ಮೊದಲು. ಬೆಳಗಿನ ಜಾವ ಎರಡೂವರೆಗೇ ಎದ್ದು, ಜೋಳದ ರೊಟ್ಟಿ, ಬದನೆಕಾಯಿಯ ಪಲ್ಯ, ಶೇಂಗಾ ಚಟ್ನಿಪುಡಿಗಳ ಬುತ್ತಿಯನ್ನು ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು.

ತಪಾಸಣೆಯನ್ನು ಮುಗಿಸಿ ಒಳಗೆ ಹೋದಮೇಲೆ ಕಾಣುವ ಆ ವಿಶಾಲವಾದ ಮೊಗಸಾಲೆಯನ್ನು ನೋಡಿದವರಿಗೆ ಅದು ನಿಲ್ದಾಣವೋ ಪೇಟೆಯೋ ಎಂಬ ಸಂಶಯ ಬಾರದಿರದು. ಒಂದು ಕಡೆ ಗಂಧದ ಸಾಬೂನು, ರೇಷ್ಮೆಯ ವಸ್ತ್ರ, ಚನ್ನಪಟ್ಟಣದ ಗೊಂಬೆ. ಇನ್ನೊಂದು ಕಡೆ ಅತ್ತರು, ಗಡಿಯಾರ, ತೊಗಲಿನ ಚೀಲ. ಅಕ್ಕ ಗೊಂಬೆಗಳ ಮುಂದೆ ನಿಂತು ಮರಿಮಗಳಿಗೊಂದು ಗಿಲಕಿಯನ್ನು ಕೈಗೆತ್ತಿಕೊಂಡಳು. ಬೆಲೆಯನ್ನು ಕೇಳಿ ಮೆಲ್ಲನೆ ಮರಳಿ ಇಟ್ಟಳು. ನಡೆಯಲಾರದ ವೃದ್ಧರಿಗೆ ಗಾಲಿಕುರ್ಚಿಯ ಅನುಕೂಲವಿದ್ದು, ಮುಂಚಿತವಾಗಿ ವಿಮಾನ ಕಂಪನಿಗೆ ತಿಳಿಸಬೇಕಾಗುತ್ತದೆ. ಅದು ನನಗೆ ತಿಳಿದಿರಲಿಲ್ಲವಾಗಿ, ಅಕ್ಕ ನನ್ನ ಭುಜವನ್ನು ಹಿಡಿದು ಅಷ್ಟು ದೂರವನ್ನೂ ನಡೆದಳು.

ಜನವರಿಯ ಮುಂಜಾವುಗಳಲ್ಲಿ ದೇವನಹಳ್ಳಿಯ ಬಯಲಿನಲ್ಲಿ ಮಂಜು ಕವಿಯುವುದುಂಟು. ಅಂದೂ ಹಾಗೆಯೇ ಆಯಿತು. ವಿಮಾನಗಳೆಲ್ಲ ತಡವೆಂದು ಫಲಕದಲ್ಲಿ ಮೂಡಿತು. ಅಷ್ಟರಲ್ಲಿ ಅಕ್ಕ ದಿನದ ಪದ್ಧತಿಯಂತೆ ಇನ್ಸುಲಿನ್ ಚುಚ್ಚಿಕೊಂಡು ಬಂದು, ಬುತ್ತಿಯ ಗಂಟಿಗೆ ಕೈಹಚ್ಚಿದಳು. ನಾನು ಸುತ್ತಲೂ ನೋಡಿದೆನು. ಎದುರಿನ ಸಾಲಿನಲ್ಲಿ ಗಣಕಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ ತರುಣರು. ಪಕ್ಕದಲ್ಲಿ ಕಾಗದದ ಲೋಟದಲ್ಲಿ ಕಾಫಿ ಹೀರುತ್ತಿದ್ದ ದಂಪತಿಗಳು. ಬದನೆಕಾಯಿಯ ಪಲ್ಯದ ವಾಸನೆ ಇವರ ನಡುವೆ ಹರಡೀತೆಂದು ನನಗೆ ನಾಚಿಕೆಯಾಯಿತು.

“ಇಲ್ಲಿ ಬ್ಯಾಡ ಅಕ್ಕಾ, ಮಂದಿ ನೋಡತಾರ. ನಾ ಬಿಸಿ ಇಡ್ಲಿ ತರತೀನಿ. ಅಲ್ಲೀತನಕಾ ಗಂಟು ಬಿಚ್ಚಬ್ಯಾಡ” ಎಂದು ಹೇಳಿ ಹೊರಟೆನು.

ವಿಮಾನ ತಡವಾದ ಜನರೆಲ್ಲ ತಿಂಡಿಯ ಮಳಿಗೆಗಳ ಮುಂದೆ ನೆರೆದಿದ್ದರು. ಹಣ ಕೊಡಲು ಒಂದು ಸಾಲು, ತಿಂಡಿ ಪಡೆಯಲು ಇನ್ನೊಂದು. ವಿಮಾನನಿಲ್ದಾಣಗಳಲ್ಲಿ ತಿನಿಸಿನ ಬೆಲೆ ಹೆಚ್ಚಿರುವುದಕ್ಕೆ ಕಾರಣವಿಲ್ಲದಿಲ್ಲ. ಮಳಿಗೆಯವರು ಬಾಡಿಗೆಯನ್ನೋ ವ್ಯಾಪಾರದ ಒಂದು ಪಾಲನ್ನೋ ನಿಲ್ದಾಣಕ್ಕೆ ತೆರಬೇಕಾಗುತ್ತದೆ. ಆದರೂ ಎರಡು ತಟ್ಟೆ ಇಡ್ಲಿಗೆ ಹಣವನ್ನೆಣಿಸುವಾಗ, ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಮನೆಮಂದಿಯೆಲ್ಲ ಇಷ್ಟರಲ್ಲಿ ಉಣ್ಣಬಹುದಿತ್ತಲ್ಲ ಎನ್ನಿಸದಿರಲಿಲ್ಲ. ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಇನ್ಸುಲಿನ್ ಚುಚ್ಚಿಕೊಂಡವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದಲ್ಲಿನ ಸಕ್ಕರೆ ಕುಸಿಯುತ್ತದೆಂಬುದನ್ನು ನಾನು ಅರಿಯದವನೇನಲ್ಲ. ಸಾಲಿನಲ್ಲಿ ನಿಂತಾಗ ಅದು ನೆನಪಾಗಲಿಲ್ಲ, ಅಷ್ಟೆ.

ಮರಳಿ ಬಂದು ನೋಡುತ್ತೇನೆ: ನೆಲ ಒರೆಸುವ ಕೆಲಸದ ನಡುವಯಸ್ಸಿನ ಹೆಂಗಸೊಬ್ಬಳು ಅಕ್ಕನ ಪಕ್ಕದಲ್ಲಿ ಮೊಣಕಾಲೂರಿ ಕುಳಿತಿದ್ದಾಳೆ. ಅಕ್ಕನ ಹಣೆಯೆಲ್ಲ ಬೆವರು, ಕೈಗಳು ನಡುಗುತ್ತಿವೆ. ಆ ತಾಯಿಗೆ ಮನೆಯಲ್ಲಿ ತನ್ನ ಅವ್ವನನ್ನು ಕಂಡು ಈ ಲಕ್ಷಣಗಳ ಪರಿಚಯವಿತ್ತು. “ಯಾಕವ್ವಾ, ಸಕ್ಕರಿ ಬ್ಯಾನಿ ಐತೇನು?” ಎಂದು ಕೇಳಿ, ಅಕ್ಕ ತಲೆಯಾಡಿಸಿದೊಡನೆ ಕಾಫಿಯ ಮಳಿಗೆಯಿಂದ ಸಕ್ಕರೆಯ ಪೊಟ್ಟಣಗಳನ್ನು ತಂದು, ನೀರಿನಲ್ಲಿ ಕದಡಿ ಕುಡಿಸಿದ್ದಳು. ಹತ್ತು ಹದಿನೈದು ನಿಮಿಷಗಳಲ್ಲಿ ಅಕ್ಕನ ಕಣ್ಣು ತಿಳಿಯಾಯಿತು. ಆಮೇಲೆ ಆಕೆಯೇ ಗಂಟನ್ನು ಬಿಚ್ಚಿ, ರೊಟ್ಟಿಯನ್ನು ಮುರಿದು, ಪಲ್ಯ ಹಚ್ಚಿ ಅಕ್ಕನ ಕೈಯಲ್ಲಿಟ್ಟಳು.

“ಮೊದಲ ಯಾಕ ಉಣಲಿಲ್ಲ ಅಕ್ಕಾ?” ಎಂದೆನು, ಕೇಳುವ ಅಧಿಕಾರ ನನಗಿದ್ದಂತೆ.

“ನೀ ಬರೂತನಕಾ ಬಿಚ್ಚಬ್ಯಾಡ ಅಂದಿದ್ಯಲ್ಲೋ ತಮ್ಮಾ” ಎಂದಳು. ಆ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಅದಕ್ಕಾಗಿಯೇ ಅದು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಆ ಕ್ಷಣದಲ್ಲಿ ನನಗೆ 1965ನೆಯ ಇಸವಿಯ ಒಂದು ಸಂಜೆ ನೆನಪಾಯಿತು. ಪ್ರಸಾದನಿಲಯದಲ್ಲಿದ್ದ ನನ್ನನ್ನು ನೋಡಲು ಅಕ್ಕ ಇಂತಹದೇ ಬಿಳಿಯ ಗಂಟನ್ನು ಹೊತ್ತು ಬಸ್ಸಿನಲ್ಲಿ ಬಂದಿದ್ದಳು. ಇಸ್ತ್ರಿ ಮಾಡಿದ ಅಂಗಿಗಳ ಪೇಟೆಯ ಹುಡುಗರ ಮುಂದೆ ಅದನ್ನು ಬಿಚ್ಚಲು ನಾಚಿ, ಟ್ರಂಕಿನ ಹಿಂದೆ ಬಚ್ಚಿಟ್ಟೆನು. ನಮ್ಮ ಗುರುಗಳೊಬ್ಬರು ಅದನ್ನು ಕಂಡಿರಬೇಕು. ರಾತ್ರಿ ಊಟದ ಪಂಕ್ತಿಯಲ್ಲಿ ಅವರು ನನ್ನ ಬಳಿ ಬಂದು ಕುಳಿತು, “ನಿಮ್ಮ ಅಕ್ಕ ತಂದ ರೊಟ್ಟಿಯಲ್ಲಿ ನನಗೂ ಒಂದು ಚೂರು ಕೊಡುವೆಯಾ?” ಎಂದು ಕೈಯೊಡ್ಡಿದರು. ಗುರುಗಳು ತಿಂದದ್ದನ್ನು ಕಂಡು ಇಡೀ ಪಂಕ್ತಿಯೇ ಕೈಯೊಡ್ಡಿತು. ಅವರು ಉಪದೇಶವನ್ನೇನೂ ಮಾಡಲಿಲ್ಲ. ಆ ಪಾಠವನ್ನು ಕಲಿತೆನೆಂದು ನಾನು ಅರುವತ್ತು ವರ್ಷಗಳ ಹತ್ತಿರ ನಂಬಿಕೊಂಡಿದ್ದೆನು. ನೂರಾರು ಮಕ್ಕಳಿಗೆ ಹೇಳಿಯೂ ಇದ್ದೆನು.

ಆ ಹೆಂಗಸಿಗೆ ಹಣ ಕೊಡಹೋದೆನು, ಆಕೆ ಒಲ್ಲೆನೆಂದಳು. ಅಕ್ಕ ಎರಡು ರೊಟ್ಟಿಗಳನ್ನು ಮಡಿಚಿ ಕೊಟ್ಟಾಗ ಮಾತ್ರ ಸೆರಗೊಡ್ಡಿ ತೆಗೆದುಕೊಂಡು, “ನಮ್ಮ ಕಡೀ ರೊಟ್ಟಿ ಕಂಡು ಭಾಳ ದಿನಾ ಆಗಿತ್ತವ್ವಾ” ಎಂದಳು. ಎದುರಿನ ತರುಣನೊಬ್ಬನು ಗಣಕಯಂತ್ರವನ್ನು ಮುಚ್ಚಿಟ್ಟು, ತಾನು ರಾಯಚೂರಿನವನೆಂದು ಹೇಳಿ ಚಟ್ನಿಪುಡಿಯನ್ನು ಕೇಳಿ ಪಡೆದನು. ನಾನು ಯಾರು ನೋಡುವರೆಂದು ಅಂಜಿದ್ದೆನೋ ಅವರೇ ಇವರು. ನಾನು ತಂದ ಇಡ್ಲಿಗಳು ಆರಿಹೋಗಿದ್ದವು. ಅವನ್ನು ನಾನೇ ತಿಂದೆನು.

ಮಂಜು ಕರಗಿ ವಿಮಾನ ಹೊರಟಿತು. ಹುಬ್ಬಳ್ಳಿಯಲ್ಲಿ 2017ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಕಟ್ಟಡ ಚಿಕ್ಕದು. ವಿಮಾನದಿಂದಿಳಿದು ಕೆಲವೇ ನಿಮಿಷಗಳಲ್ಲಿ ಹೊರಬಾಗಿಲನ್ನು ಮುಟ್ಟಿದೆವು. “ಇದು ಛಲೋ ಐತಿ ನೋಡು, ನಮ್ಮ ಮಂದಿ ನಡದಾಡೂವಷ್ಟ ಐತಿ” ಎಂದು ಅಕ್ಕ ನಕ್ಕಳು.

2024ರ ಡಿಸೆಂಬರಿನಲ್ಲಿ ಕೋಲ್ಕತ್ತದ ವಿಮಾನನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ಎಂಬ ಮಳಿಗೆ ತೆರೆದು, 10 ರೂಪಾಯಿಗೆ ಚಹಾ, 20 ರೂಪಾಯಿಗೆ ಸಮೋಸ ಕೊಡಲಾರಂಭಿಸಿದರೆಂದು ಓದಿ ಸಂತೋಷಪಟ್ಟೆನು. ಅಂತಹವು ಎಲ್ಲೆಡೆ ಬರಲಿ. ಆದರೆ ಮನೆಯಿಂದ ತಂದ ರೊಟ್ಟಿ, ಚಪಾತಿಗಳಂತಹ ಒಣ ಆಹಾರವನ್ನು ಒಳಗೆ ಒಯ್ದು ಉಣ್ಣಲು ಯಾವ ಅಡ್ಡಿಯೂ ಇಲ್ಲವೆಂಬುದನ್ನೂ, ಕುಡಿಯುವ ನೀರು ಒಳಗೆ ಉಚಿತವಾಗಿ ದೊರೆಯುವುದನ್ನೂ ವೃದ್ಧರನ್ನು ಕರೆದೊಯ್ಯುವವರು ತಿಳಿದಿರಬೇಕು. ಅಡ್ಡಿಯಿರುವುದು ನನ್ನಂತಹವರ ಮನಸ್ಸಿನಲ್ಲಿ ಮಾತ್ರ.

ಕಳೆದ ಸಲ ಅಕ್ಕನೊಡನೆ ಹೊರಟಾಗ ಗಾಲಿಕುರ್ಚಿಗೆ ಮುಂಚಿತವಾಗಿಯೇ ಹೇಳಿದ್ದೆನು. ತಪಾಸಣೆ ಮುಗಿದು ಕುಳಿತೊಡನೆ ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು. ಬುತ್ತಿಯ ಗಂಟನ್ನು ನಾನೇ ಬಿಚ್ಚಿದೆನು.