ಏರು ಶುರುವಾಗುವುದು ಎಲ್ಲಿಂದ?

ಮಳೆಗಾಲದ ಮಂಜು ಕವಿಯಿತೆಂದರೆ ಅತ್ತಿಗುಂಡಿಯಲ್ಲಿ ಎದುರು ಸಾಲಿನ ಅಂಗಡಿಯೂ ಕಾಣಿಸದು. ಅಂಥದೊಂದು ಸಂಜೆ, ರಸ್ತೆ ಬದಿಯ ಮನೆಯಲ್ಲಿ ಪ್ರಥಮ ಪಿಯುಸಿ ಓದುವ ಹುಡುಗಿ ಭೌತಶಾಸ್ತ್ರದ ಪುಸ್ತಕ ಮುಚ್ಚಿಟ್ಟು, "ಇದು ನನ್ನ ತಲೆಗೆ ಹತ್ತಲ್ಲ ಅಪ್ಪ. ಸೈನ್ಸ್ ಬಿಟ್ಟುಬಿಡ್ತೀನಿ" ಎಂದಳು. ಕಿರುಪರೀಕ್ಷೆಯಲ್ಲಿ ಬಂದದ್ದು 25ಕ್ಕೆ 6. ಅಪ್ಪ ಬಾಡಿಗೆ ಜೀಪಿನ ಚಾಲಕ; ಓದಿದ್ದು ಏಳನೆಯ ತರಗತಿ. ಅವನಿಗೆ ಏನು ಹೇಳಬೇಕೆಂದೇ ತಿಳಿಯಲಿಲ್ಲ. "ಲೆಕ್ಕ ಏನು ಅಂತ ಓದು ಪುಟ್ಟಿ" ಎಂದ.

ನುಣುಪಾದ 30 ಡಿಗ್ರಿ ಇಳಿಜಾರು. ಬುಡದಲ್ಲಿ ಮೀಟರಿಗೆ 400 ನ್ಯೂಟನ್ ಬಿಗಿಯ ಸ್ಪ್ರಿಂಗು. ಅದನ್ನು 20 ಸೆಂಟಿಮೀಟರ್ ಅದುಮಿ, ಮುಂದೆ 2 ಕಿಲೋ ತೂಕದ ಮರದ ತುಂಡನ್ನಿಟ್ಟು ಬಿಟ್ಟರೆ, ಸ್ಪ್ರಿಂಗಿನಿಂದ ಕಳಚಿಕೊಂಡ ಮೇಲೆ ತುಂಡು ಇನ್ನೆಷ್ಟು ದೂರ ಏರುತ್ತದೆ?

ಹುಡುಗಿಯ ಸೂತ್ರ ಸರಿಯಾಗಿತ್ತು. ಸ್ಪ್ರಿಂಗಿನಲ್ಲಿ ಕೂಡಿದ ಶಕ್ತಿ 8 ಜೂಲ್. ಗುರುತ್ವವನ್ನು 10 ಎಂದಿಟ್ಟುಕೊಂಡರೆ ಅಷ್ಟು ಶಕ್ತಿಗೆ ತುಂಡು 40 ಸೆಂಟಿಮೀಟರ್ ಎತ್ತರಕ್ಕೆ, ಅಂದರೆ ಇಳಿಜಾರಿನ ಗುಂಟ 80 ಸೆಂಟಿಮೀಟರ್ ಏರಬೇಕು. ಪುಸ್ತಕದ ಉತ್ತರ ಮಾತ್ರ 60.

"ನಿನ್ನ ತುಂಡು ಹೊರಟಿದ್ದು ಎಲ್ಲಿಂದ?"

"ಸ್ಪ್ರಿಂಗ್ ಬಿಟ್ಟ ಜಾಗದಿಂದ."

"ಅಲ್ಲಿವರೆಗೆ ಅದು ಏರ್ಲಿಲ್ವಾ? ಚಿಕ್ಕಮಗಳೂರಿಂದ ಸುಟ್ಟ ಡೀಸೆಲ್ಲನ್ನು ಕೈಮರದಿಂದ ಮೇಲಿನ ದಾರಿಗೆ ಮಾತ್ರ ಲೆಕ್ಕ ಹಾಕಿದ್ರೆ ಸರಿ ಹೋಗುತ್ತಾ?"

ಹುಡುಗಿ ಪೆನ್ಸಿಲ್ ಎತ್ತಿಕೊಂಡಳು. ಸ್ಪ್ರಿಂಗು ಸಡಿಲಗೊಳ್ಳುವ 20 ಸೆಂಟಿಮೀಟರೂ ಏರುದಾರಿಯೇ. 80ರಲ್ಲಿ 20 ಕಳೆದರೆ 60! ತಪ್ಪಿದ್ದು ತಲೆಯಲ್ಲಲ್ಲ, ಹೊರಟ ಜಾಗದಲ್ಲಿ.

ಅಪ್ಪನಿಗೂ ಈಗ ಹುರುಪು ಬಂತು. "ಘಾಟಿ ಇಳಿಯುವಾಗ ಬ್ರೇಕ್ ವಾಸನೆ ಬರುತ್ತಲ್ಲ, ಅದ್ಯಾವ ಲೆಕ್ಕ?" ಎಂದು ಕೇಳಿದ. ಈ ಬಾರಿ ಹೇಳಿಕೊಟ್ಟವಳು ಮಗಳು. ಒಂದು ಟನ್ ತೂಕದ ಗಾಡಿ 100 ಮೀಟರ್ ಎತ್ತರ ಇಳಿದರೆ ಸುಮಾರು 10 ಲಕ್ಷ ಜೂಲ್ ಪ್ರಚ್ಛನ್ನ ಶಕ್ತಿ ಬಿಡುಗಡೆಯಾಗುತ್ತದೆ. ವೇಗ ಹೆಚ್ಚದಂತೆ ಇಳಿದರೆ ಅದೆಲ್ಲ ಬ್ರೇಕು, ಎಂಜಿನ್ನು, ಟೈರು, ಗಾಳಿಗಳಲ್ಲಿ ಬಿಸಿಯಾಗಿ ಸೇರಲೇಬೇಕು. ಅದಕ್ಕೇ ಅನುಭವಸ್ಥರು ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯುವುದು. ಇಳಿಯುವ ತೂಕದಿಂದ ನೀರನ್ನು ಕಡೆದರೆ ನೀರು ಬಿಸಿಯಾಗುತ್ತದೆಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1845ರಲ್ಲಿ ತೋರಿಸಿದ್ದೂ ಇದನ್ನೇ. ಶಕ್ತಿ ಕಳೆದುಹೋಗುವುದಿಲ್ಲ, ವೇಷ ಬದಲಿಸುತ್ತದೆ.

ಅಂದಿನಿಂದ ಹುಡುಗಿ ಪ್ರತಿ ಲೆಕ್ಕದ ತಲೆಯ ಮೇಲೆ ಮೂರು ಪ್ರಶ್ನೆ ಬರೆದುಕೊಳ್ಳುತ್ತಾಳೆ: ಎಲ್ಲಿಂದ ಹೊರಟಿತು? ಎಲ್ಲಿ ನಿಂತಿತು? ದಾರಿಯಲ್ಲಿ ಬಿಸಿಗೆ ಎಷ್ಟು ಹೋಯಿತು? ಮುಂದಿನ ಕಿರುಪರೀಕ್ಷೆಯಲ್ಲಿ ಬಂದದ್ದು 13. ದೊಡ್ಡ ಅಂಕವೇನಲ್ಲ; ಆದರೆ ಸೈನ್ಸ್ ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ. ಸಂಜೆ ಗಾಡಿ ನಿಲ್ಲಿಸಿ ಬಂದ ಅಪ್ಪ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂರುತ್ತಾನೆ. ಸೂತ್ರ ಅವನಿಗೆ ಇಂದಿಗೂ ಬಾರದು. "ಎಲ್ಲಿಂದ ಹೊರಟಿದ್ದು?" ಎಂದು ಕೇಳುವುದನ್ನು ಮಾತ್ರ ಮರೆಯುವುದಿಲ್ಲ.